ಅಮವಾಸ್ಯೆಯ ಜಳಕ

ಗಂಗಾವತಿಯ ಅಂದಪ್ಪ ಸಾಹುಕಾರರ ಅಕ್ಕಿ ಗಿರಣಿಯಲ್ಲಿ ಭಾನುವಾರಕ್ಕೆ ಕವಡೆ ಕಿಮ್ಮತ್ತಿರಲಿಲ್ಲ. ಗಿರಣಿಗೆ ಬಿಡುವು ಅಂದರೆ ಅಮವಾಸ್ಯೆ, ಅಷ್ಟೇ. ಅವತ್ತು ಬೆಳಗ್ಗೆ ಬೆಲ್ಟು ಬಿಚ್ಚಿ, ಜಾಲರಿ ತೊಳೆದು, ಮೋಟಾರುಗಳಿಗೆ ವಿಭೂತಿ ಹಚ್ಚಿ, ಬಾಯ್ಲರಿನ ಮುಂದೆ ಕಾಯಿ ಒಡೆದರೆ ಮುಗಿಯಿತು. ಹಮಾಲರಿಂದ ಹಿಡಿದು ಗುಮಾಸ್ತರವರೆಗೆ ಎಲ್ಲರೂ ಊಟದ ಹೊತ್ತಿಗೆ ಅವರವರ ಮನೆ ಸೇರುತ್ತಿದ್ದರು. ಸೇರದೆ ಉಳಿಯುತ್ತಿದ್ದವನು ಪ್ರಭುರಾಜ ಒಬ್ಬನೇ. ಆಫೀಸಿನ ಮೂಲೆಯ ಗಾಜಿನ ಕೋಣೆಯಲ್ಲಿದ್ದ ಸರ್ವರ್ ಎಂಬ ಕಂಪ್ಯೂಟರು ಅವನ ಪಾಲಿನದು. ಕಾಟಾದ ಮೇಲೆ ತೂಗಿದ ಭತ್ತ, ಗೋದಾಮಿನ ಚೀಲ, ರೈತರ ಲೆಕ್ಕ, ಎಲ್ಲವೂ ಆ ಕಪ್ಪು ಪೆಟ್ಟಿಗೆಯೊಳಗೇ ಇದ್ದವು. ಬೇರೆ ದಿನ ಅದನ್ನು ಮುಟ್ಟುವ ಹಾಗಿರಲಿಲ್ಲ. ಟ್ರ್ಯಾಕ್ಟರು ಕಾಟಾ ಏರಿದಾಗ ಸರ್ವರ್ ನಿಂತರೆ ಸಾಹುಕಾರರ ಬಾಯಿ ನಿಲ್ಲುತ್ತಿರಲಿಲ್ಲ.

ಹಾಗಾಗಿ ಎಲ್ಲ ಯಂತ್ರಗಳ ಜೊತೆ ಸರ್ವರಿಗೂ ಅಮವಾಸ್ಯೆಯಂದೇ ಜಳಕ. ಈ ಹೆಸರು ಪ್ರಭುರಾಜನೇ ಇಟ್ಟದ್ದು. ಹಳೆಯ ಲಾಗ್ ಫೈಲುಗಳ ಕಸ ಗುಡಿಸುವುದು, ಲೆಕ್ಕವನ್ನೆಲ್ಲ ಇನ್ನೊಂದು ಡಿಸ್ಕಿಗೆ ನಕಲು ಮಾಡಿ ಇಡುವುದು, ಬಂದ ಅಪ್‌ಡೇಟುಗಳನ್ನು ಹಾಕುವುದು, ಕಡೆಗೆ ಯಂತ್ರವನ್ನೊಮ್ಮೆ ಮಲಗಿಸಿ ಎಬ್ಬಿಸುವುದು, ಇಷ್ಟೂ ಸೇರಿ ಜಳಕ. ಮೊದಮೊದಲು ಅವನು ಇದನ್ನೆಲ್ಲ ಕೈಯಿಂದಲೇ ಮಾಡುತ್ತಿದ್ದ. ಮನೆ ಮುಟ್ಟುವಷ್ಟರಲ್ಲಿ ಹೊತ್ತು ಇಳಿದು, ಹೆಂಡತಿ ಸುರೇಖಾ ಮಾಡಿದ ಹೋಳಿಗೆ ಆರಿ ಚರ್ಮದಂತಾಗಿರುತ್ತಿತ್ತು. ಆಕೆ ಬಾಯಿಬಿಟ್ಟು ಏನೂ ಅನ್ನುತ್ತಿರಲಿಲ್ಲ. ಅನ್ನದೆ ಇದ್ದದ್ದೇ ಹೆಚ್ಚು ಚುಚ್ಚುತ್ತಿತ್ತು ಎಂದು ಅವನು ಆಮೇಲೆ ಹೇಳಿದ್ದುಂಟು.

ಲಿನಕ್ಸಿನಲ್ಲಿ ಇಂಥ ಕೆಲಸಕ್ಕೆಂದೇ ಕ್ರಾನ್ ಎಂಬ ಒಂದು ಆಳು ಇದೆ. ಯಾವ ನಿಮಿಷ, ಯಾವ ಗಂಟೆ, ಯಾವ ತಾರೀಖು, ಯಾವ ತಿಂಗಳು, ಯಾವ ವಾರ ಎಂದು ಒಂದೇ ಸಾಲಿನಲ್ಲಿ ಹೇಳಿ, ಏನು ಮಾಡಬೇಕೆಂಬುದನ್ನು ಮುಂದೆ ಬರೆದಿಟ್ಟರೆ ಆಯಿತು. ಕೂಲಿ ಕೇಳುವುದಿಲ್ಲ, ಹಬ್ಬಕ್ಕೆ ಊರಿಗೆ ಹೋಗುತ್ತೇನೆ ಅನ್ನುವುದಿಲ್ಲ, ಹೇಳಿದವನು ಇದ್ದಾನೋ ಇಲ್ಲವೋ ಎಂದು ತಿರುಗಿ ನೋಡುವುದೂ ಇಲ್ಲ. ಇಷ್ಟೆಲ್ಲ ಬಲ್ಲ ಆಳಿಗೆ ಅಮವಾಸ್ಯೆ ಹುಣ್ಣಿಮೆ ಮಾತ್ರ ತಿಳಿಯದು. ಅದನ್ನು ಮಾಡಿದವರ ದೇಶದಲ್ಲಿ ಅಕ್ಕಿ ಗಿರಣಿ ಇರಲಿಕ್ಕಿಲ್ಲ. ಪ್ರಭುರಾಜ ಅದಕ್ಕೊಂದು ಉಪಾಯ ಮಾಡಿದ. ‘ಜಳಕ’ ಎಂಬ ಹೆಸರಿನ ಸ್ಕ್ರಿಪ್ಟು ಬರೆದು, ಅದರ ನೆತ್ತಿಯ ಮೇಲೆ ವರ್ಷದ ಅಮವಾಸ್ಯೆಗಳ ತಾರೀಖುಗಳನ್ನೆಲ್ಲ ಸಾಲಾಗಿ ಹಾಕಿದ. ಕ್ರಾನ್ ದಿನಾ ಬೆಳಗ್ಗೆ ಹತ್ತಕ್ಕೆ ಸ್ಕ್ರಿಪ್ಟನ್ನು ಎಬ್ಬಿಸುವುದು. ಇವತ್ತಿನ ತಾರೀಖು ಸಾಲಿನಲ್ಲಿದ್ದರೆ ಅದು ಜಳಕಕ್ಕೆ ಇಳಿಯುವುದು, ಇಲ್ಲದಿದ್ದರೆ ಸುಮ್ಮನೆ ಮಗ್ಗಲು ಬದಲಿಸುವುದು.

ಇದನ್ನೆಲ್ಲ ಅವನು ಕಲಿಸಿದ್ದು ಸುರೇಖಾಳ ತಮ್ಮ ಕಲ್ಲೇಶನಿಗೆ. ಕಲ್ಲೇಶ ಆಗ ಕುಷ್ಟಗಿಯ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ರಿಪೇರಿ ಮಾಡಿಕೊಂಡಿದ್ದ. ಅಮವಾಸ್ಯೆಗೆ ಅಂಗಡಿ ಮುಚ್ಚುತ್ತಿದ್ದುದರಿಂದ ಬಸ್ಸು ಹತ್ತಿ ಮಾಮನ ಗಾಜಿನ ಕೋಣೆಗೆ ಬಂದು ಕೂಡುತ್ತಿದ್ದ. ಮಾಮ ಒಂದೊಂದೇ ಸಾಲನ್ನು ಬಿಡಿಸಿ ಹೇಳುತ್ತಿದ್ದ. ಕಡೆಯ ಸಾಲು ಬಂತೆಂದರೆ ಮಾತ್ರ ಪರದೆಯನ್ನು ಮೇಲಕ್ಕೆ ಸರಿಸಿ ನಗುತ್ತಿದ್ದ. ತಾರೀಖು ಎಲ್ಲಿಂದ ತರುತ್ತೀ ಎಂದು ಕೇಳಿದರೆ, ಅದನ್ನು ಯುಗಾದಿ ದಿನ ಮನೆಯಲ್ಲೇ ಹಾಕಿಕೊಂಡು ಬರುತ್ತೇನೆ ಎಂದಷ್ಟೇ ಹೇಳಿದ್ದ. ಹುಡುಗರು ಎಲ್ಲವನ್ನೂ ಕೇಳುತ್ತಾರೆ, ಕೇಳಬೇಕಾದ್ದನ್ನು ಬಿಟ್ಟು. ಮನೆಯಲ್ಲೇ ಯಾಕೆ ಎಂದು ಕಲ್ಲೇಶ ಕೇಳಲಿಲ್ಲ.

ಕಾರ ಹುಣ್ಣಿಮೆಯಾದ ವಾರಕ್ಕೆ ಪ್ರಭುರಾಜ ಗಿರಣಿಯಲ್ಲೇ ಎದೆ ಹಿಡಿದುಕೊಂಡು ಕುಸಿದ. ಸಾಹುಕಾರರು ತಮ್ಮ ಕಾರಿನಲ್ಲೇ ಹಾಕಿಕೊಂಡು ಹೊಸಪೇಟೆಯ ದಾರಿ ಹಿಡಿದರು. ಮುನಿರಾಬಾದು ಬರುವ ಮೊದಲೇ ಎಲ್ಲ ಮುಗಿದಿತ್ತು. ನಲವತ್ತರ ಗಂಡಸು, ಬೆಳಗ್ಗೆ ಎರಡು ರೊಟ್ಟಿ ತಿಂದು, ಮೂರನೆಯದನ್ನು ಸಂಜೆಗೆ ಇಡು ಎಂದು ಹೇಳಿ ಹೋದವನು. ಇಂಥ ಸಾವಿಗೆ ಯಾರ ಮೇಲೆ ಸಿಟ್ಟು ಮಾಡುವುದು? ಹಿರೇಜಂತಕಲ್ಲಿನ ಆ ಎರಡು ಖೋಲಿಯ ಮನೆಯಲ್ಲಿ ಸುರೇಖಾ ಒಬ್ಬಳೇ ಉಳಿದಳು. ಮಕ್ಕಳಿರಲಿಲ್ಲ. ಹೊಲಿಗೆ ಮಷೀನಿನ ಮೇಲೆ ಯಾರದೋ ಅರ್ಧ ಹೊಲಿದ ಕುಬಸ ಹಾಗೇ ಇತ್ತು.

ಮಣ್ಣೆತ್ತಿನ ಅಮವಾಸ್ಯೆ ಬಂದಾಗ ಮನೆಯಲ್ಲಿ ಇನ್ನೂ ಬಂಧುಬಳಗ ತುಂಬಿತ್ತು. ಮಧ್ಯಾಹ್ನ ಅಡುಗೆಮನೆಯ ಗೋಡೆಯ ಮಾಡದಲ್ಲಿಟ್ಟ ಸುರೇಖಾಳ ಫೋನು ಚಿಣ್ ಎಂದಿತು. ಆಕೆ ಎತ್ತಿ ನೋಡಿದಳು, ಆಮೇಲೆ ಹಿತ್ತಲಿಗೆ ಹೋಗಿ ಬಹಳ ಹೊತ್ತು ಮುಖ ತೊಳೆಯುತ್ತಾ ನಿಂತಳು. ಕಲ್ಲೇಶ ನೋಡಿದ. ಸಮಾಧಾನ ಹೇಳುವ ಯಾರದೋ ಮೆಸೇಜು ಇರಬೇಕೆಂದುಕೊಂಡ.

ಅದು ಏನೆಂದು ತಿಳಿದದ್ದು ಸಾಹುಕಾರರು ಅವನನ್ನೇ ಕೆಲಸಕ್ಕೆ ಕರೆದ ಮೇಲೆ. ಕುಷ್ಟಗಿ ಬಿಟ್ಟು, ಅಕ್ಕನ ಮನೆಯಲ್ಲೇ ಇದ್ದುಕೊಂಡು, ಮಾಮನ ಬೈಕು, ಮಾಮನ ಹೆಲ್ಮೆಟ್, ಮಾಮನ ಕುರ್ಚಿ ಎಲ್ಲಕ್ಕೂ ಅವನೇ ವಾರಸುದಾರನಾದ. ಮೊದಲ ದಿನ ಸ್ಕ್ರಿಪ್ಟು ತೆಗೆದು ಕೆಳಗಿನವರೆಗೂ ಓದಿದ. ಜಳಕ ಮುಗಿದೊಡನೆ ಸಾಹುಕಾರರಿಗೆ ಒಂದು ಮೆಸೇಜು ಹೋಗುವಂತಿತ್ತು. ಅದರ ಕೆಳಗೆ, ಮಾಮ ನಕ್ಕು ಮರೆಮಾಡುತ್ತಿದ್ದ ಆ ಕಡೆಯ ಸಾಲು. ಸರ್ವರಿಗೆ ಸಿಕ್ಕಿಸಿದ್ದ ಅವನದೇ ಹಳೆಯ ಸಿಮ್ಮಿನಿಂದ ಸುರೇಖಾಳ ನಂಬರಿಗೆ: “ಜಳಕ ಆತು. ಹಂಚು ಇಡು, ಊಟಕ್ಕ ಬರ್ತೀನಿ.”

ಎಲ್ಲ ಅರ್ಥವಾಯಿತು. ಮೆಸೇಜು ಬಂದ ಮೇಲೆ ಹಂಚು ಕಾಯಲಿಟ್ಟರೆ, ಗಿರಣಿಯಿಂದ ಬೈಕು ಮನೆ ಮುಟ್ಟುವಷ್ಟರಲ್ಲಿ ಹೋಳಿಗೆ ಬಿಸಿಬಿಸಿ ಏಳುತ್ತದೆ. ಆರಿದ ಹೋಳಿಗೆಗೆ ಮಾಮ ಕಂಡುಹಿಡಿದ ಮದ್ದು ಅದು. ಗಂಡ ಹೆಂಡತಿಯ ನಡುವಿನ ಮಾತನ್ನು ಬಾಗಿಲ ಸಂದಿಯಿಂದ ಕೇಳಿಸಿಕೊಂಡವನಂತೆ ಕಲ್ಲೇಶನಿಗೆ ನಾಚಿಕೆಯಾಯಿತು, ಬೆನ್ನಿಗೇ ಅಳು ಬಂತು. ಅಳಿಸಬೇಕೆಂದು ಬೆರಳು ಇಟ್ಟ. ಆಗಲಿಲ್ಲ.

ನಾಗರ ಅಮವಾಸ್ಯೆ ಬಂತು. ಅಕ್ಕ ಬೆಳಗ್ಗೆಯೇ ಬೇಳೆ ಬೇಯಿಸಿ ಹೂರಣ ರುಬ್ಬಿದ್ದಳು, ಫೋನು ಮಾಡದಲ್ಲಿತ್ತು. ಚಿಣ್ ಎಂದಾಗ ಓದಿ, ಹಂಚು ಇಟ್ಟಳು. ಕಲ್ಲೇಶ ಊಟಕ್ಕೆ ಬಂದಾಗ ಅವನಿಗೆ ಬಡಿಸಿ, ಇನ್ನೊಂದು ತಾಟಿಗೆ ಎರಡು ಹೋಳಿಗೆ ಹಾಕಿ ತುಪ್ಪ ಬಿಟ್ಟು ಮಾಮನ ಫೋಟೋದ ಕೆಳಗೆ ಇಟ್ಟಳು. ಆಮೇಲೆ ತಾನೂ ಉಂಡಳು. ಉಳಿದ ದಿನಗಳಲ್ಲಿ ಒಂದು ತುತ್ತಿಗೆ ಎರಡು ಸಲ ಹೇಳಬೇಕಾದವಳು ಅವತ್ತು ಹೊಟ್ಟೆ ತುಂಬ ಉಂಡಳು. ಮೆಸೇಜಿನ ಮಾತನ್ನು ಆಕೆಯೂ ಎತ್ತಲಿಲ್ಲ, ಇವನೂ ಎತ್ತಲಿಲ್ಲ. ಮಹಾಲಯ, ದೀಪಾವಳಿ, ಎಳ್ಳ ಅಮವಾಸ್ಯೆ, ಪ್ರತಿ ಸಲವೂ ಹೀಗೇ. ಅಮವಾಸ್ಯೆಯಿಂದ ಅಮವಾಸ್ಯೆಗೆ ಅಕ್ಕ ಕೈ ಹಿಡಿದು ದಾಟುತ್ತಿದ್ದಾಳೆ ಎಂದು ಕಲ್ಲೇಶನಿಗೆ ಅನಿಸುತ್ತಿತ್ತು. ಆ ಕೈ ಯಾವುದೆಂದು ತನಗೊಬ್ಬನಿಗೇ ಗೊತ್ತು ಎಂದುಕೊಂಡಿದ್ದ.

ಹೆದರಿಕೆ ಶುರುವಾದದ್ದು ಶಿವರಾತ್ರಿ ಕಳೆದ ಮೇಲೆ. ಸ್ಕ್ರಿಪ್ಟಿನ ನೆತ್ತಿಯ ಮೇಲೆ ಇನ್ನು ಯುಗಾದಿ ಅಮವಾಸ್ಯೆಯ ತಾರೀಖೊಂದೇ ಉಳಿದಿತ್ತು. ಪಂಚಾಂಗ ಅಲ್ಲಿಗೆ ಮುಗಿಯುತ್ತದೆ. ಮಾಮ ಬರೆದದ್ದೂ ಅಲ್ಲಿಗೇ. ಮುಂದಿನ ತಾರೀಖು ಹಾಕದಿದ್ದರೆ ಜಳಕವೂ ಇಲ್ಲ, ಮೆಸೇಜೂ ಇಲ್ಲ. ಜಳಕವಂತೂ ಆಗಲೇಬೇಕು, ಅದಕ್ಕಾಗಿಯೇ ಸಂಬಳ. ಆದರೆ ಆ ಕಡೆಯ ಸಾಲು? ಸತ್ತವನ ಬಾಯಲ್ಲಿ ಹೊಸ ತಾರೀಖಿಗೆ ಮಾತಾಡಿಸುವುದು ಸರಿಯೇ ಎಂದು ಒಂದು ಮನಸ್ಸು. ತೆಗೆದುಬಿಟ್ಟರೆ ಮುಂದಿನ ಅಮವಾಸ್ಯೆ ಅಕ್ಕ ಗೋಡೆಯ ಮಾಡದ ಕಡೆ ನೋಡುತ್ತಾ ಕೂಡುತ್ತಾಳಲ್ಲ, ಅದನ್ನು ಯಾವ ಕಣ್ಣಿಂದ ನೋಡಲಿ ಎಂದು ಇನ್ನೊಂದು. ಎರಡನೆಯದೇ ಗೆದ್ದಿತು. ಅಕ್ಕನ ಮೇಲಿನ ಮಾಯೆಯೇ ಗೆದ್ದದ್ದು, ಅದರಲ್ಲಿ ಅನುಮಾನವಿಲ್ಲ.

ಯುಗಾದಿಯ ಮರುದಿನ ಗಾಜಿನ ಕೋಣೆಯಲ್ಲಿ ಕೂತು ಫೋನಿನಲ್ಲಿ ಕ್ಯಾಲೆಂಡರ್ ತೆಗೆದ. ಅಮವಾಸ್ಯೆ ಆರಂಭ ಎಂದು ಎಲ್ಲೆಲ್ಲಿ ಬರೆದಿತ್ತೋ ಆ ತಾರೀಖುಗಳನ್ನೆಲ್ಲ ಬಡಬಡ ಹೊಡೆದು ಸೇವ್ ಮಾಡಿದ. ಮನೆಯಲ್ಲಿ, ಗಡಿಯಾರದ ಕೆಳಗಿನ ಮೊಳೆಗೆ ಹೊಸ ಪಂಚಾಂಗ ತೂಗುತ್ತಿತ್ತು. ಅದನ್ನು ಬಿಡಿಸಿದರೆ ಅಕ್ಕ ಯಾಕೆಂದು ಕೇಳುತ್ತಾಳೆ, ಕೇಳಿದರೆ ಮುಖ ನೋಡಿ ಸುಳ್ಳು ಹೇಳಲು ಇವನಿಗೆ ಬಾರದು. ಅದಕ್ಕೇ ಫೋನು. ಮಧ್ಯಾಹ್ನ ಹಿಡಿದ ಅಮವಾಸ್ಯೆ ಅವತ್ತಿನದಲ್ಲ, ಸೂರ್ಯ ಹುಟ್ಟುವಾಗ ಇರುವ ಮರುದಿನದ್ದು ಎಂಬುದು ಅವನಿಗೆ ಗೊತ್ತಿರದ ಸಂಗತಿಯೇನಲ್ಲ. ತಾವು ಹುಟ್ಟಿದ ಕುಕನೂರಿನ ಮನೆಯಲ್ಲಿ ಕೇಳಿಕೊಂಡೇ ಬೆಳೆದದ್ದು. ಅವಸರದಲ್ಲಿ ಅದು ನೆನಪಿಗೇ ಬರಲಿಲ್ಲ.

ಬೇಸಿಗೆ ಭತ್ತದ ಸುಗ್ಗಿ ಬಂತು. ಟ್ರ್ಯಾಕ್ಟರುಗಳ ಸಾಲು ಗೇಟಿನಿಂದ ಕಾಲುವೆಯ ಸೇತುವೆಯವರೆಗೆ ನಿಂತಿತ್ತು. ನಾಳೆ ಅಮವಾಸ್ಯೆ, ಇವತ್ತೇ ಆದಷ್ಟು ತೂಗಿಬಿಡಬೇಕೆಂದು ಸಾಹುಕಾರರು ತಾವೇ ಬಿಸಿಲಲ್ಲಿ ನಿಂತಿದ್ದರು. ಹತ್ತು ಹೊಡೆಯಿತು. ಕಾಟಾದ ಮನೆಯಲ್ಲಿದ್ದ ಯಮನೂರ ಕಿಟಕಿಯಿಂದ ತಲೆ ಹೊರಗೆ ಹಾಕಿ, ಕಂಪ್ಯೂಟರ್ ಕಣ್ಣು ಮುಚ್ಚೈತಿ ನೋಡ್ರಿ ಎಂದು ಕೂಗಿದ. ಕಲ್ಲೇಶ ಕೋಣೆಗೆ ಓಡಿ ಪರದೆ ನೋಡಿದ. ಜಳಕ ನಡೆದಿತ್ತು. ಲೆಕ್ಕದ ನಕಲು ಅರ್ಧ ಆಗಿತ್ತು, ಅಪ್‌ಡೇಟುಗಳು ಒಂದರ ಹಿಂದೊಂದು ಇಳಿಯುತ್ತಿದ್ದವು. ನಡುವೆ ನಿಲ್ಲಿಸಿದರೆ ಲೆಕ್ಕವೇ ಕೆಟ್ಟೀತೆಂದು ಕೈಕಟ್ಟಿ ನಿಂತ.

ಸಾಹುಕಾರರು ಬಂದರು, ಬೈದರು. ಪ್ರಭುರಾಜನ ಕಾಲದಲ್ಲಿ ಹೀಗೆ ಒಂದು ದಿನವೂ ಆಗಿರಲಿಲ್ಲ ಎಂದರು. ಅದು ನಿಜವೇ ಆಗಿತ್ತು. ಒಂದು ದಿನ ಮೊದಲೇ ಜಳಕ, ತಾರೀಖು ತಪ್ಪಿದೆ, ಕೈಬರಹದ ಚೀಟಿಯ ಮೇಲೆ ತೂಕ ಬರೆದುಕೊಳ್ಳೋಣ ಎಂದು ಅವರನ್ನು ಸಮಾಧಾನ ಮಾಡಿ, ಯಮನೂರನಿಗೆ ಚೀಟಿ ಕೊಟ್ಟು, ಕಲ್ಲೇಶ ಕಾಟಾದ ಬಳಿಯೇ ನಿಂತುಬಿಟ್ಟ. ಸರ್ವರ್ ಮಲಗಿ ಎದ್ದಿತು. ಸಾಹುಕಾರರ ಕಿಸೆಯಲ್ಲಿ ಫೋನು ಚಿಣ್ ಎಂದಿತು. ತೆಗೆದು ನೋಡಿ, ಜಳಕ ಆತಂತ, ಎಂದು ಹಲ್ಲು ಕಡಿದರು.

ಆಗ ಕಲ್ಲೇಶನಿಗೆ ಇನ್ನೊಂದು ಫೋನಿನ ನೆನಪಾಯಿತು.

ಯಾರಿಗೂ ಹೇಳದೆ ಬೈಕು ಹತ್ತಿದ. ಸುಗ್ಗಿಯ ಟ್ರ್ಯಾಕ್ಟರುಗಳ ನಡುವೆ ನುಸುಳಿ, ಹಾರನ್ನು ಬಡಿದು, ದಾರಿಯುದ್ದಕ್ಕೂ ತನ್ನನ್ನು ತಾನೇ ಬೈದುಕೊಳ್ಳುತ್ತಾ ಬಂದ. ಓಣಿ ತಿರುಗಿದರೆ ಮನೆಯ ಮುಂದೆ ಅಕ್ಕ ನಿಂತಿದ್ದಳು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಮುಂಗೈಯವರೆಗೆ ಕಣಕದ ಹಿಟ್ಟು ಮೆತ್ತಿತ್ತು. ಒಳಗೆ ಕುಕ್ಕರು ಕೂಗುತ್ತಿತ್ತು. ಬೈಕಿನ ಸದ್ದಿಗೆ ಆಕೆ ಮುಖ ಎತ್ತಿದಳು, ಮತ್ತು ನಕ್ಕಳು. ಹತ್ತು ತಿಂಗಳಿಂದ ಆ ನಗೆಯನ್ನು ಯಾರೂ ನೋಡಿರಲಿಲ್ಲ. ಮಾಮನ ಬೈಕು, ಮಾಮನ ಹೆಲ್ಮೆಟ್, ಇವನು ದಿನಾ ಹೀಗೇ ಬರುತ್ತಿದ್ದವನು. ಆದರೆ ಇವತ್ತು ಆಕೆ ಕಾಯುತ್ತಿದ್ದದ್ದು ಇವನನ್ನಲ್ಲ. ಕಲ್ಲೇಶ ಬೈಕು ನಿಲ್ಲಿಸಿ ಹಾಗೇ ಕೂತ. ಹೆಲ್ಮೆಟ್ ತೆಗೆಯಲು ಕೈ ಏಳಲಿಲ್ಲ. ತೆಗೆಯದೆ ಎಷ್ಟು ಹೊತ್ತು ಕೂತಾನು?

ತೆಗೆದ. ಅಕ್ಕನ ನಗೆ ಕೂಡಲೇ ಹೋಗಲಿಲ್ಲ. ಆಕೆ ಅವನ ಬೆನ್ನ ಹಿಂದೆ ನೋಡಿದಳು, ಓಣಿಯ ತಿರುವಿನವರೆಗೂ ನೋಡಿದಳು. ಆಮೇಲೆ ಅವನ ಮುಖ ನೋಡಿದಳು.

“ತಾರೀಖು ನಾನ ಹಾಕಿದ್ದೆ ಅಕ್ಕಾ,” ಅಂದ ಕಲ್ಲೇಶ. “ನಾಳಿಗೆ ಹಾಕೂದು ಇವತ್ತಿಗೆ ಹಾಕೀನಿ. ತಪ್ಪಾತು.”

ಆಕೆ ಒಳಗೆ ಹೋದಳು. ಕುಕ್ಕರು ಆರಿಸಿದಳು. ಹಿಟ್ಟಿನ ಕೈಯಲ್ಲೇ ನೆಲದ ಮೇಲೆ ಕೂತಳು. ಇವನು ಹೊಸ್ತಿಲ ಬಳಿ ಕೂತ. ಬೈಯಲಿ ಎಂದು ಕಾದ. ಬೈದಿದ್ದರೆ ಎಷ್ಟೋ ವಾಸಿ ಇತ್ತು.

“ಆ ತಾರೀಖೆಲ್ಲಾ ಓದಿದಾಕಿ ನಾನ,” ಅಂದಳು ಸುರೇಖಾ. “ಯುಗಾದಿ ದಿನ ಬೇವು ತಿಂದು ಕುಂತ್ರ, ನಾ ಪಂಚಾಂಗ ನೋಡಿ ಓದೂದು, ಅವ್ರು ಬರಕೊಳ್ಳೂದು. ಯಾವ ಅಮಾಸಿ ಎಂದು ಹಿಡೀತದ, ಎಂದು ಮಾಡಬೇಕು, ಎಲ್ಲಾ ನಾ ಹೇಳಿದ್ಹಂಗ. ಹಿಂಗಾಗಿ ನನಗ ಗೊತ್ತಿತ್ತು, ಯುಗಾದಿ ಅಮಾಸಿಗೆ ಮುಗೀತದ ಅಂತ. ಮಷೀನ ಕಳಸ್ತದ ಅಂತನೂ ಗೊತ್ತಿತ್ತು. ಹುಚ್ಚಿ ಅಲ್ಲ ನಾನು. ಅವತ್ತಿಂದೇ ಕಡೀದು ಅಂತ ಹೋಳಿಗಿ ಮಾಡಿ, ಅವ್ರ ಮುಂದ ತಾಟು ಇಟ್ಟು, ಹೋಗಿ ಬರ್ರಿ ಅಂದಿದ್ದೆ. ಮನಸ್ಸು ಗಟ್ಟಿ ಮಾಡಿ ಕಳಿಸಿದ್ದೆ ಕಲ್ಲೇಶ.”

ಅವನು ತಲೆ ತಗ್ಗಿಸಿದ. ತಾನು ಹೆದರಿದ್ದ ಆ ಕಡೆಯ ಮೆಸೇಜನ್ನು ಅಕ್ಕ ತನ್ನ ಎದುರಿಗೇ ದಾಟಿದ್ದಳು. ಯುಗಾದಿ ಅಮವಾಸ್ಯೆಯ ದಿನ ಫೋಟೋದ ತಾಟಿಗೆ ಆಕೆ ಎರಡು ಸಲ ತುಪ್ಪ ಬಿಟ್ಟದ್ದು ಈಗ ನೆನಪಾಯಿತು. ಅವತ್ತು ಅವನಿಗೆ ಅದು ಯಾಕೆಂದು ತಿಳಿದಿರಲಿಲ್ಲ.

“ಇವತ್ತಿನ ತಾರೀಖು ನಾ ಓದಿದ್ದಲ್ಲ,” ಅಂದಳು. “ಅಮಾಸಿ ಅಲ್ಲ, ಏನಲ್ಲ. ನಾ ಓದಲಾರದ ದಿನಾ, ಅವ್ರ ನಂಬರಿಂದ, ಊಟಕ್ಕ ಬರ್ತೀನಿ ಅಂತ ಬಂದ್ರ ನಾ ಏನಂತ ತಿಳಕೊಳ್ಳಲಿ? ಒಂದು ಗಳಿಗಿ ಖರೇನ ಇದ್ರೋ ಅವ್ರು. ಬ್ಯಾಳಿ ಇಡೂ ತನಕ ಇದ್ರು. ನೀ ಹೆಲ್ಮೆಟ್ ತಗಿಯೂ ತನಕ ಇದ್ರು.”

ಕಲ್ಲೇಶ ಅತ್ತ. ಗಂಡಸು, ಕೆಲಸದವನು, ಹೊಸ್ತಿಲ ಮೇಲೆ ಕೂತು ಬಿಕ್ಕಿಬಿಕ್ಕಿ ಅತ್ತ. ಮಾಮ ಸತ್ತ ದಿನ ಓಡಾಡುವುದರಲ್ಲೇ ಕಳೆದು, ಅಳುವುದು ಬಾಕಿ ಉಳಿದಿತ್ತು. ಅಕ್ಕ ಅಳಲಿಲ್ಲ. ಆಕೆಗೆ ಎರಡನೇ ಸಲ ವಿಧವೆಯಾದಂತಾಗಿತ್ತು, ಅದೂ ತಮ್ಮನ ಪ್ರೀತಿಯಿಂದಲೇ.

ಸಂಜೆ ಅವನು ಸರ್ವರಿಗೆ ದೂರದಿಂದಲೇ ಕೂಡಿಕೊಳ್ಳುವ ಲ್ಯಾಪ್‌ಟಾಪನ್ನು ಮನೆಗೆ ತಂದ. ಸುರೇಖಾ ತಾನಾಗಿಯೇ ಮೊಳೆಯಿಂದ ಪಂಚಾಂಗ ತೆಗೆದು ದೀಪದ ಕೆಳಗೆ ಕೂತಳು. ಒಂದೊಂದೇ ತಿಂಗಳು ತಿರುವಿ, ಹಿಡಿಯುವ ಹೊತ್ತು ಬಿಡುವ ಹೊತ್ತು ನೋಡಿ, ಬೆರಳ ಮೇಲೆ ಎಣಿಸಿ ತಾರೀಖು ಹೇಳಿದಳು. ಕಲ್ಲೇಶ ತನ್ನವನ್ನು ಅಳಿಸಿ ಆಕೆಯವನ್ನು ಬರೆದ. ಹೇಳುವಾಗ ದನಿ ಎಲ್ಲೂ ಅಳುಕಲಿಲ್ಲ. ಒಂದೇ ಒಂದು ಸಲ, ಮಣ್ಣೆತ್ತಿನ ಅಮವಾಸ್ಯೆ ಬಂದಾಗ, ಪುಟವನ್ನು ಸ್ವಲ್ಪ ಹೊತ್ತು ಹಿಡಿದುಕೊಂಡು ಕೂತಳು. ಎಲ್ಲ ಮುಗಿದ ಮೇಲೆ ಆ ಕಡೆಯ ಸಾಲು ಎಲ್ಲಿದೆ ತೋರಿಸು ಎಂದಳು. ಅವನು ಪರದೆಯನ್ನು ಕೆಳಕ್ಕೆ ಇಳಿಸಿದ.

ಗಂಡ ಹೇಗೆ ಬರೆದಿದ್ದನೆಂದು ಆಕೆ ಅದುವರೆಗೆ ನೋಡಿರಲಿಲ್ಲ. ಸುತ್ತ ಇಂಗ್ಲಿಷಿನ ಚಿಹ್ನೆಗಳು, ನಡುವೆ ಕನ್ನಡದ ಆ ಒಂದು ಮಾತು. ಆಕೆ ತುಟಿ ಅಲುಗಿಸಿ ಓದಿದಳು. ಬೆರಳ ತುದಿಯಿಂದ ಪರದೆಯ ಮೇಲೆ ಅದನ್ನು ಮುಟ್ಟಿದಳು.

“ತಗಿ,” ಅಂದಳು. “ಅವ್ರ ಕೈಲೆ ಇನ್ನ ಸುಳ್ಳು ಹೇಳಿಸೂದು ಬ್ಯಾಡ.”

ಅವನು ತೆಗೆದ. ಲಿನಕ್ಸು ಏನನ್ನೂ ಕೇಳಲಿಲ್ಲ. ಖಾತ್ರಿಯೇ ಎಂದೂ ಕೇಳಲಿಲ್ಲ.

ಮರುದಿನ ಗಿರಣಿಯಲ್ಲಿ ಎಲ್ಲ ಪದ್ಧತಿಯಂತೆ ನಡೆಯಿತು. ಬೆಲ್ಟು ಬಿಚ್ಚಿದರು, ಜಾಲರಿ ತೊಳೆದರು. ಹತ್ತಕ್ಕೆ ಕ್ರಾನ್ ಸ್ಕ್ರಿಪ್ಟನ್ನು ಎಬ್ಬಿಸಿತು. ಅದು ಅವತ್ತಿನ ತಾರೀಖನ್ನು ಸಾಲಿನಲ್ಲಿ ಕಂಡು, ಹಿಂದಿನ ದಿನವೇ ಜಳಕ ಮಾಡಿದ್ದ ಯಂತ್ರಕ್ಕೆ ಇನ್ನೊಮ್ಮೆ ಜಳಕ ಮಾಡಿಸಿತು. ಸಾಹುಕಾರರು ಮೆಸೇಜು ನೋಡಿ, ಈ ಸಲ ಎರಡು ಸಲ ಶುದ್ಧವಾಯಿತಲ್ಲ ಎಂದು ನಕ್ಕು, ಕಾಯಿಯ ಹೋಳು ಕೊಟ್ಟರು. ಕಲ್ಲೇಶ ಬೈಕು ತೆಗೆದುಕೊಂಡು ಊಟಕ್ಕೆ ಹೊರಟ. ಓಣಿ ತಿರುಗುವಾಗ ಯಾಕೋ ನಿಧಾನ ಮಾಡಿದ, ಮನೆ ಕಾಣುವ ಮೊದಲೇ ಹೆಲ್ಮೆಟ್ ತೆಗೆದು ಟ್ಯಾಂಕಿನ ಮೇಲೆ ಇಟ್ಟುಕೊಂಡ.

ಅಡುಗೆಮನೆಯ ಮಾಡದಲ್ಲಿ ಫೋನು ಇರಲಿಲ್ಲ. ಅದು ಹೊರಗಿನ ಖೋಲಿಯಲ್ಲಿ, ಹೊಲಿಗೆ ಮಷೀನಿನ ಮೇಲೆ, ಬಟ್ಟೆಯ ತುಂಡುಗಳ ನಡುವೆ ಬಿದ್ದಿತ್ತು. ಹೂರಣ ತುಂಬಿದ ಉಂಡೆಗಳು ತಾಟಿನಲ್ಲಿ ಒದ್ದೆ ಬಟ್ಟೆಯ ಕೆಳಗೆ ಕಾಯುತ್ತಿದ್ದವು. ಒಲೆ ಇನ್ನೂ ಹೊತ್ತಿಸಿರಲಿಲ್ಲ. ಬೈಕಿನ ಸದ್ದು ನಿಂತು, ತಮ್ಮ ಒಳಗೆ ಬಂದು, ಕೈಕಾಲು ತೊಳೆದು ಕೂತ ಮೇಲೆಯೇ ಸುರೇಖಾ ಎದ್ದು ಹಂಚು ಇಟ್ಟಳು. ಅದು ಕಾಯಲು ಹೊತ್ತು ಹಿಡಿಯಿತು. ಕಲ್ಲೇಶ ಖಾಲಿ ತಾಟಿನ ಮುಂದೆ ಕಾಯುತ್ತಾ ಕೂತಿದ್ದ.